ಗಟ್ಟಿ ಪೊರೆ, ತಾಳುವ ಮೈ

ಬೆಸಗರಹಳ್ಳಿ ಸುತ್ತಿನ ಕಬ್ಬಿನ ಗದ್ದೆಗಳಲ್ಲಿ ಮಚ್ಚು ಬೀಸುವವರನ್ನು ನೀವು ಕಂಡಿರಬಹುದು. ಮಚ್ಚಿನ ಬಾಯಿ ಗಟ್ಟಿಯಿರಬೇಕು. ಇಡೀ ಮಚ್ಚೇ ಅತಿ ಗಟ್ಟಿಯಾದರೆ? ಪೆಟ್ಟಿಗೆ ಸಿಡಿದು ಮುರಿಯುತ್ತದೆ. ಉಕ್ಕನ್ನೇ ಕೊರೆಯುವ ಲೇತ್ ಯಂತ್ರದ ಟೂಲಿಗೂ ಇದೇ ಸಂಕಟ.

1923ರಲ್ಲಿ ಜರ್ಮನಿಯ ಕಾರ್ಲ್ ಶ್ರೋಟರ್ ಟಂಗ್‌ಸ್ಟನ್ ಕಾರ್ಬೈಡ್ ಪುಡಿಯನ್ನು ಕೋಬಾಲ್ಟ್ ಲೋಹದಿಂದ ಬೆಸೆಯುವ ವಿಧಾನ ರೂಪಿಸಿದರು. ಕ್ರುಪ್ ಕಂಪನಿ ಅದನ್ನು ‘ವಿಡಿಯಾ’ ಎಂದು ಮಾರಿತು. ‘ವಜ್ರದಂತೆ’ ಎಂಬ ಜರ್ಮನ್ ಮಾತಿನ ಸಂಕ್ಷೇಪವದು. (ಮಾರುವವರ ಉತ್ಪ್ರೇಕ್ಷೆ, ಬಿಡಿ!) ಬೆಂಗಳೂರಿನಲ್ಲೂ ವಿಡಿಯಾ ಇಂಡಿಯಾ ಬೇರೂರಿತು. 1964ರಲ್ಲಿ ಸ್ಥಾಪನೆಯಾದ ಆ ಕಂಪನಿ ಇಂದು ಕೆನ್ನಾಮೆಟಲ್ ಇಂಡಿಯಾ.

ಕಾರ್ಬೈಡಿಗೂ ಒಂದು ಶತ್ರುವಿತ್ತು: ಶಾಖ. ವೇಗ ಹೆಚ್ಚಿಸಿದರೆ, ಕಾದ ಉಕ್ಕಿನ ಸುರುಳಿ ಟೂಲಿನ ಮೇಲೆ ಉಜ್ಜಿ ಹರಿಯುವಾಗ ಕಾರ್ಬೈಡಿನ ಪರಮಾಣುಗಳೇ ಉಕ್ಕಿನೊಳಕ್ಕೆ ಸೇರಿಹೋಗಿ ಗುಳಿ ಬೀಳುತ್ತಿತ್ತು. ಕೋಬಾಲ್ಟ್ ಕಡಿಮೆ ಮಾಡಿದರೆ ಗಡಸುತನ ಹೆಚ್ಚುತ್ತದೆ, ನಿಜ. ಆದರೆ ಟೂಲು ಬೇಗ ಬಿರಿಯುತ್ತದೆ. ಮೈಯನ್ನು ಬದಲಿಸದೆ ಮೇಲೊಂದು ಪೊರೆ ಹೊದಿಸಿದರೆ ಹೇಗೆ? 1960ರ ದಶಕದ ಕೊನೆಯಲ್ಲಿ ಯುರೋಪಿನ ತಯಾರಕರು ಇದನ್ನೇ ಮಾಡಿದರು. ಸುಮಾರು 1000 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಟೈಟಾನಿಯಂ ಟೆಟ್ರಾಕ್ಲೋರೈಡ್ ಆವಿ ಮತ್ತು ಮೀಥೇನ್ ವರ್ತಿಸಿ, ಟೂಲಿನ ಮೇಲೆ ಟೈಟಾನಿಯಂ ಕಾರ್ಬೈಡ್ ಆಗಿ ಕೂರುತ್ತವೆ. ದಪ್ಪ ಕೆಲವೇ ಮೈಕ್ರಾನ್, ನಮ್ಮ ಕ್ಯಾಮೆರಾಗೂ ಸಿಗದಷ್ಟು! ಆಮೇಲೆ ಬಂದದ್ದು ಟೈಟಾನಿಯಂ ನೈಟ್ರೈಡ್. ಟೂಲುಗಳ ಮೇಲೆ ನೀವು ಕಾಣುವ ಹೊಂಬಣ್ಣ ಅಲಂಕಾರಕ್ಕೆ ಬಳಿದದ್ದಲ್ಲ, ಆ ಪೊರೆಯ ಸ್ವಂತ ಬಣ್ಣ.