ಒಂದು ಮಾರುಕಟ್ಟೆ, ಎರಡು ಗಡಿಯಾರ: ದೂರಸಂಪರ್ಕ ಪರೀಕ್ಷಾ ಉಪಕರಣಗಳ ಬೇಡಿಕೆಯ ಬಗ್ಗೆ ಒಂದು ತಕರಾರು

ದೂರಸಂಪರ್ಕ ಪರೀಕ್ಷಾ ಉಪಕರಣಗಳ ಮಾರಾಟವು ಮೊಬೈಲ್ ಕಂಪನಿಗಳ ಬಂಡವಾಳ ವೆಚ್ಚದ ನೆರಳು ಎಂಬುದು ಮಾರುಕಟ್ಟೆ ವರದಿಗಳಲ್ಲಿ ರೂಢಿಯಾದ ಮಾತು. ಮಾರುವವರು ಕಡಿಮೆಯಾಗುತ್ತಿದ್ದಾರೆ ಎಂಬುದರಲ್ಲಂತೂ ಭಿನ್ನಾಭಿಪ್ರಾಯವಿಲ್ಲ. ಎಚ್‌ಪಿಯ ಅಳತೆ ಉಪಕರಣಗಳ ವಿಭಾಗ 1999ರಲ್ಲಿ ಅಜಿಲೆಂಟ್ ಆಯಿತು, 2014ರಲ್ಲಿ ಅದರಿಂದ ಕೀಸೈಟ್ ಬೇರೆಯಾಯಿತು. ಕೀಸೈಟ್ 2017ರಲ್ಲಿ ಇಕ್ಸಿಯಾವನ್ನು, 2025ರಲ್ಲಿ ಸ್ಪೈರೆಂಟನ್ನು ಕೊಂಡಿತು. ನನ್ನ ತಕರಾರು ಮೊದಲ ಮಾತಿನ ಬಗ್ಗೆ ಮಾತ್ರ.

ಎರಡು ಯಂತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. ಗುಂಡಿಯ ಬದಿಯಲ್ಲಿ ಕೂತು ಫೈಬರ್ ಜೋಡಿಸುವವನ ಕೈಯಲ್ಲಿ ಒಟಿಡಿಆರ್ ಇರುತ್ತದೆ. ಅದು ಲೇಸರ್ ಬೆಳಕನ್ನು ಒಳಗೆ ಕಳಿಸಿ, ಮರಳಿದ ಬೆಳಕಿನಿಂದ ಪರದೆಯ ಮೇಲೆ ಗೆರೆ ಎಳೆಯುತ್ತದೆ. 1550 ನ್ಯಾನೊಮೀಟರ್ ತರಂಗಾಂತರದಲ್ಲಿ ಒಳ್ಳೆಯ ಫೈಬರಿನ ನಷ್ಟ ಕಿಲೋಮೀಟರಿಗೆ ಸುಮಾರು 0.2 ಡೆಸಿಬೆಲ್, ಜೋಡಣೆ ಕೆಟ್ಟ ಕಡೆ ಗೆರೆ ಮೆಟ್ಟಿಲಿನಂತೆ ಕುಸಿಯುತ್ತದೆ. ಕೇಬಲ್ ಕೆಲಸ ನಿಂತರೆ ಈ ಯಂತ್ರವನ್ನು ಕೇಳುವವರಿಲ್ಲ. ಬೇಸ್ ಸ್ಟೇಷನ್ ಎಮ್ಯುಲೇಟರಿನ ಕತೆಯೇ ಬೇರೆ. ಊರಿನಲ್ಲಿ ಟವರೇ ಇಲ್ಲದಾಗ ಲ್ಯಾಬಿನಲ್ಲಿ ಟವರಿನ ವೇಷ ಹಾಕಿ ಮೊಬೈಲ್ ಚಿಪ್ಪನ್ನು ಪರೀಕ್ಷಿಸುವ ಯಂತ್ರ ಅದು. 5ಜಿಯ ಮೊದಲ ರೇಡಿಯೊ ಮಾನಕವನ್ನು ಮಾನಕ ಸಂಸ್ಥೆಯಾದ 3ಜಿಪಿಪಿ ಮುಗಿಸಿದ್ದು 2017ರ ಡಿಸೆಂಬರಿನಲ್ಲಿ. ಭಾರತದಲ್ಲಿ 5ಜಿ ಶುರುವಾದದ್ದು 2022ರ ಅಕ್ಟೋಬರ್ 1ರಂದು. ಇಲ್ಲಿ ಟವರ್ ಏಳಲೆಂದು ಚಿಪ್ ತಯಾರಕರು ಐದು ವರ್ಷ ಕಾಯುತ್ತ ಕೂರಲಿಲ್ಲ. ಲ್ಯಾಬಿನ ಗಡಿಯಾರ ಮಾನಕವನ್ನು ನೋಡಿ ನಡೆಯುತ್ತದೆ, ಬೀದಿಯದು ಬಂಡವಾಳವನ್ನು ನೋಡಿ.

ಅಂಕಿಗಳೂ ಇತ್ತಲೇ ಬೊಟ್ಟು ಮಾಡುತ್ತವೆ. ದೂರವಾಣಿ ಕಂಪನಿಗಳನ್ನು ಹೆಚ್ಚಾಗಿ ನೆಚ್ಚಿದ ವಿಯಾವಿಯ ಆದಾಯ 2022ರ ಹಣಕಾಸು ವರ್ಷದಲ್ಲಿ ಸುಮಾರು 129 ಕೋಟಿ ಡಾಲರ್ ಇದ್ದದ್ದು 2023ರಲ್ಲಿ 111, 2024ರಲ್ಲಿ 100 ಕೋಟಿಗೆ ಇಳಿಯಿತು. ಲ್ಯಾಬುಗಳಿಗೆ ಹೆಚ್ಚು ಮಾರುವ ಕೀಸೈಟಿನದು ಅದೇ ವರ್ಷಗಳಲ್ಲಿ 542, 546, 498 ಕೋಟಿ. ಒಂದು ಕೂಡಲೇ ಜಾರಿತು, ಇನ್ನೊಂದು ಒಂದು ವರ್ಷ ನಿಂತು ಜಾರಿತು.

ಈ ಒಂದು ವರ್ಷದ ಅಂತರವೇ ನನ್ನ ವಾದದ ಬಲ. ಅದನ್ನು ಅನುಮಾನಿಸಬೇಕಾದದ್ದೂ ಇಲ್ಲಿಯೇ. ಕೀಸೈಟಿನ ಆದಾಯದಲ್ಲಿ ರಕ್ಷಣೆ, ವಾಹನ, ಸೆಮಿಕಂಡಕ್ಟರ್ ಎಲ್ಲವೂ ಸೇರಿದೆ. ವಿಯಾವಿಯಾದರೂ ನೋಟುಗಳ ನಕಲು ತಡೆಯುವ ಲೇಪನವನ್ನೂ ಮಾರುತ್ತದೆ. ಮೊದಲನೆಯದರ ವರ್ಷ ಅಕ್ಟೋಬರಿಗೆ, ಎರಡನೆಯದರದು ಜೂನ್ ಕೊನೆಯ ಹೊತ್ತಿಗೆ ಮುಗಿಯುತ್ತದೆ. ಇದು ವಾದಕ್ಕೆ ಅನುಕೂಲವೇ, ಏಕೆಂದರೆ ಕೀಸೈಟ್ ಇನ್ನೂ ನಾಲ್ಕು ತಿಂಗಳು ತಡವಾಗಿ ಕುಸಿದಂತಾಯಿತು. ಆದರೆ ಚಿಪ್ ಕೊರತೆಯ ಕಾಲದಲ್ಲಿ ಬಾಕಿ ಬಿದ್ದಿದ್ದ ಆರ್ಡರುಗಳ ಪೂರೈಕೆ 2023ರ ಆದಾಯವನ್ನು ಎತ್ತಿಹಿಡಿದಿರಬಹುದು. ಹಾಗಾಗಿ ಎರಡು ಗಡಿಯಾರಗಳಿವೆ ಎನ್ನಲು ಈ ಪುರಾವೆ ಸಾಕು. ಅಂತರ ಇಷ್ಟೇ ಎನ್ನಲು ಸಾಲದು.

ಸ್ಪೈರೆಂಟ್ ಖರೀದಿಗೆ ಒಪ್ಪುವಾಗ ಅಮೆರಿಕದ ನ್ಯಾಯ ಇಲಾಖೆಯೂ ಪರೀಕ್ಷಾ ಉಪಕರಣಗಳದ್ದು ಒಂದೇ ಮಾರುಕಟ್ಟೆ ಎಂದು ಕಾಣಲಿಲ್ಲ. ಹೈಸ್ಪೀಡ್ ಈಥರ್ನೆಟ್, ನೆಟ್‌ವರ್ಕ್ ಭದ್ರತೆ, ಚಾನೆಲ್ ಎಮ್ಯುಲೇಶನ್ ಪರೀಕ್ಷೆಗಳನ್ನು ಬೇರೆ ಬೇರೆ ಮಾರುಕಟ್ಟೆಗಳೆಂದೇ ಎಣಿಸಿ, ಆ ವ್ಯವಹಾರಗಳನ್ನು ವಿಯಾವಿಗೆ ಮಾರಿಸಿತು. ಬೀದಿಯ ವ್ಯಾಪಾರಿ ಹೀಗೆ ಲ್ಯಾಬಿನೊಳಗೂ ಕಾಲಿಟ್ಟ.

ಭಾರತದ ಬಗ್ಗೆ ಈ ಅಂಕಿಗಳು ಏನನ್ನೂ ಹೇಳಲಾರವು. ಇಲ್ಲಿ ಕಾನೂನು ಎಂಬ ಮೂರನೆಯ ಗಡಿಯಾರವೂ ಇದೆಯೇ ಎಂಬುದು ಮುಂದಿನ ಅಧ್ಯಯನಕ್ಕೆ ಉಳಿದ ಪ್ರಶ್ನೆ: 2017ರ ನಿಯಮಗಳು ದೂರಸಂಪರ್ಕ ಸಲಕರಣೆಗಳಿಗೆ ಪರೀಕ್ಷೆ, ಪ್ರಮಾಣಪತ್ರವನ್ನು ಕಡ್ಡಾಯ ಮಾಡಿದವು, ಅದರ ಭದ್ರತೆಯ ಭಾಗವನ್ನು ನೋಡಿಕೊಳ್ಳುವ ರಾಷ್ಟ್ರೀಯ ಸಂಪರ್ಕ ಭದ್ರತಾ ಕೇಂದ್ರ ಇರುವುದು ಬೆಂಗಳೂರಿನಲ್ಲಿ.