ಮರಸು ಕೂರುವವರು, ಹಳು ನುಗ್ಗುವವರು

ಸೈಬರ್‌ಪಂಕ್ 2077 ಆಡುವವರಲ್ಲಿ ಎರಡು ಪಂಗಡಗಳಿವೆ. ಗೇಟು ಒಡೆದು ಒಳಹೊಕ್ಕು, ಎದುರಾದವರನ್ನೆಲ್ಲ ಹೊಡೆದುರುಳಿಸಿ, ಬೇಕಾದ್ದನ್ನು ಎತ್ತಿಕೊಂಡು ಬರುವವರು ಒಂದು ಕಡೆ. ಅದೇ ಕಟ್ಟಡದ ಹಿಂದೆ ಕುಕ್ಕರಗಾಲಿನಲ್ಲಿ ಕೂತು, ಕ್ಯಾಮೆರಾಗಳನ್ನು ಒಂದೊಂದಾಗಿ ಕುರುಡು ಮಾಡಿ, ತಾವು ಬಂದುಹೋದದ್ದೇ ಯಾರಿಗೂ ಗೊತ್ತಾಗದಂತೆ ಕೆಲಸ ಮುಗಿಸುವವರು ಇನ್ನೊಂದು ಕಡೆ. ನಾನಿರುವ ಹಾಸ್ಟೆಲಿನಲ್ಲಿ ಈ ಜಗಳ ಊಟದ ಮೇಜಿನವರೆಗೂ ಬರುತ್ತದೆ. ಮೊದಲನೆಯವರು ಎರಡನೆಯವರನ್ನು ಪುಕ್ಕಲರು ಎನ್ನುತ್ತಾರೆ. ಎರಡನೆಯವರು ಮೊದಲನೆಯವರಿಗೆ ತಲೆಯಿಲ್ಲ ಎನ್ನುತ್ತಾರೆ. ನಾನು ಎರಡನೆಯ ಪಂಗಡದವನು. ಮಲೆನಾಡಿನ ಬೇಟೆ ಮತ್ತು ಬಂದೂಕುಗಳ ಚರಿತ್ರೆಯ ಮೇಲೆ ಪಿಎಚ್‌.ಡಿ. ಮಾಡುತ್ತಿರುವುದರಿಂದ ಈ ಜಗಳ ನನಗೆ ಬರೀ ಆಟದ ಜಗಳವಾಗಿ ಕಾಣುವುದಿಲ್ಲ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕದ ಮೈಕ್ ಪಾಂಡ್‌ಸ್ಮಿತ್ 1988ರಲ್ಲಿ ಮೇಜಿನ ಸುತ್ತ ಕೂತು, ದಾಳ ಉರುಳಿಸಿ, ಪಾತ್ರ ವಹಿಸಿ ಆಡುವ ‘ಸೈಬರ್‌ಪಂಕ್’ ಎಂಬ ಆಟವನ್ನು ಹೊರತಂದರು. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಸಂಸ್ಥೆ ಅದೇ ಲೋಕವನ್ನು ಕಂಪ್ಯೂಟರಿಗೆ ತಂದು 2020ರ ಡಿಸೆಂಬರ್ 10ರಂದು ಬಿಡುಗಡೆ ಮಾಡಿತು. ನೈಟ್ ಸಿಟಿ ಎಂಬ ನಗರ. ಅಲ್ಲಿ ಸರ್ಕಾರಕ್ಕಿಂತ ಕಂಪನಿಗಳೇ ದೊಡ್ಡವು. ಮೈಯೊಳಗೆ ಯಂತ್ರ ತೂರಿಸಿಕೊಂಡ ‘ವಿ’ ಎಂಬ ಬಾಡಿಗೆ ಬಂಟ. ಆ ವಿ ನೀವೇ. ಶಕ್ತಿ, ಚುರುಕು, ತಾಂತ್ರಿಕ ಜ್ಞಾನ, ಬುದ್ಧಿ, ತಣ್ಣನೆಯ ಧೈರ್ಯ ಎಂಬ ಐದು ಗುಣಗಳ ನಡುವೆ ಅಂಕಗಳನ್ನು ಹಂಚಿಕೊಳ್ಳಬೇಕು. ಶಕ್ತಿಗೆ ಸುರಿದರೆ ಬಾಗಿಲು ಮುರಿಯುತ್ತೀರಿ. ಬುದ್ಧಿಗೆ ಸುರಿದರೆ ದೂರದಲ್ಲೇ ಕೂತು ಕಾವಲುಗಾರನ ಕಣ್ಣಿನ ಯಂತ್ರವನ್ನು ಕೆಡಿಸುತ್ತೀರಿ. ಯಾವ ದಾರಿ ಹಿಡಿದರೂ ಕತೆ ಮುಂದೆ ಸಾಗುತ್ತದೆ. 2023ರ 2.0 ಪರಿಷ್ಕರಣೆಯ ನಂತರವಂತೂ ಹಂಚಿದ ಅಂಕಗಳನ್ನು ಒಮ್ಮೆ ಪೂರ್ತಿ ಹಿಂದಕ್ಕೆ ಪಡೆದು ಬೇರೆಯದೇ ಮನುಷ್ಯನಾಗಬಹುದು.

ಅಡಗುವುದೋ ನುಗ್ಗುವುದೋ ಎಂಬುದು ಆಡುವವನ ಸ್ವಭಾವಕ್ಕೆ ಬಿಟ್ಟದ್ದು ಎಂದು ಆಟ ನಂಬಿಸುತ್ತದೆ. ನನ್ನ ತಕರಾರು ಇರುವುದು ಇಲ್ಲೇ. ನಾನು ಓದಿರುವ ಮಟ್ಟಿಗೆ, ಚರಿತ್ರೆಯಲ್ಲಿ ಅಡಗಿದವರು ಹೆಚ್ಚಾಗಿ ಕೈಯಲ್ಲಿ ಕಡಿಮೆ ಇದ್ದವರು.

ವಿಡಿಯೊ ಗೇಮ್‌ಗಳ ಚರಿತ್ರೆಯೇ ಇದಕ್ಕೆ ಸಾಕ್ಷಿ. 1987ರಲ್ಲಿ ಜಪಾನಿನ ಹಿಡೆಯೊ ಕೊಜಿಮಾಗೆ ಎಂಎಸ್‌ಎಕ್ಸ್ 2 ಎಂಬ ಪುಟ್ಟ ಕಂಪ್ಯೂಟರಿಗಾಗಿ ಯುದ್ಧದ ಆಟವೊಂದನ್ನು ಮಾಡುವ ಕೆಲಸ ಬಂತು. ಆ ಯಂತ್ರಕ್ಕೆ ಪರದೆಯ ಮೇಲೆ ಒಟ್ಟಿಗೆ ಹೆಚ್ಚು ಸೈನಿಕರನ್ನೂ ಗುಂಡುಗಳನ್ನೂ ಓಡಾಡಿಸುವ ತಾಕತ್ತಿರಲಿಲ್ಲ. ಸೈನಿಕರೇ ಕಡಿಮೆಯಾದರೆ ಯುದ್ಧ ಹೇಗೆ? ಹಾಗಾದರೆ ಹೋರಾಡದೆ ತಪ್ಪಿಸಿಕೊಂಡು ಹೋಗುವ ಆಟವೇ ಆಗಲಿ ಎಂದು ‘ಮೆಟಲ್ ಗೇರ್’ ಹುಟ್ಟಿತು. ಇದರ ತಿರುವುಮುರುವಾದ ಕತೆಯೂ ಇದೆ. 1981ರಲ್ಲಿ ಸೈಲಸ್ ವಾರ್ನರ್ ಮಾಡಿದ ‘ಕ್ಯಾಸಲ್ ವುಲ್ಫೆನ್‌ಸ್ಟೈನ್’ ನಾಜಿಗಳ ಕೋಟೆಯೊಳಗೆ ಕದ್ದು ನುಸುಳುವ ಆಟ; ಗುಂಡುಗಳು ಎಣಿಸುವಷ್ಟು. ಹನ್ನೊಂದು ವರ್ಷಗಳ ನಂತರ ಅದೇ ಹೆಸರಿನ ‘ವುಲ್ಫೆನ್‌ಸ್ಟೈನ್ 3ಡಿ’ ಬಂದಾಗ ಯಂತ್ರಗಳ ವೇಗ ಹೆಚ್ಚಿತ್ತು. ಹೆಣ ಎಳೆದು ಬಚ್ಚಿಡುವಂಥ ಅಂಶಗಳನ್ನು ಹಾಕಲು ಯೋಚಿಸಿದ್ದವರು, ಆಟದ ಓಟ ಕುಂಟುತ್ತದೆಂದು ಅವನ್ನೆಲ್ಲ ಕೈಬಿಟ್ಟರು. ಉಳಿದದ್ದು ಓಡು, ಸುಡು.

2000ದ ‘ಡಯಸ್ ಎಕ್ಸ್’ ಎರಡನ್ನೂ ಒಂದೇ ಆಟದಲ್ಲಿ ಕೂಡಿಸಿ, ಆಯ್ಕೆ ನಿನ್ನದು ಎಂದಿತು. ಆದರೆ ಅದರ ಮುಂದಿನ ಪೀಳಿಗೆಯ ‘ಹ್ಯೂಮನ್ ರೆವಲ್ಯೂಷನ್’ (2011) ಒಂದು ತಮಾಷೆ ಮಾಡಿತು. ಉದ್ದಕ್ಕೂ ಅಡಗಿ ನಡೆದವನನ್ನು ಕೆಲವು ಘಟ್ಟಗಳಲ್ಲಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ದೈತ್ಯನೊಬ್ಬನ ಎದುರು ತಂದು ನಿಲ್ಲಿಸಿತು. ಅಲ್ಲಿ ಹೊಡೆದಾಡದೆ ವಿಧಿಯಿಲ್ಲ. ಆ ಕಾಳಗಗಳನ್ನು ಬೇರೊಂದು ಸಂಸ್ಥೆಗೆ ಗುತ್ತಿಗೆ ಕೊಟ್ಟಿದ್ದರಂತೆ. ಆಡುವವರು ಎಷ್ಟು ರೇಗಿದರೆಂದರೆ 2013ರ ಆವೃತ್ತಿಯಲ್ಲಿ ಅವನ್ನು ತಿದ್ದಬೇಕಾಯಿತು. ಅಡಗುವವನನ್ನು ಕೊನೆಗೆ ಬಯಲಿಗೆಳೆದೇ ತೀರಬೇಕೆಂಬ ಈ ಹಟ ಹೊಸದೇನಲ್ಲ. ಕೊಳದ ತಳದಲ್ಲಿ ಅಡಗಿದ ದುರ್ಯೋಧನನನ್ನು ಭೀಮ ಹಂಗಿಸಿ ಮೇಲಕ್ಕೆ ಎಬ್ಬಿಸುವುದನ್ನು ರನ್ನನ ‘ಗದಾಯುದ್ಧ’ ಓದಿದವರು ಮರೆಯಲಾರರು. ನಮ್ಮ ಊರುಗಳ ವೀರಗಲ್ಲುಗಳೂ ಎದುರು ನಿಂತು ಸತ್ತವರ ಪರ. ಇರುಳಲ್ಲಿ ನುಸುಳಿ ಬದುಕಿ ಬಂದವನಿಗೆ ಕಲ್ಲು ನೆಟ್ಟದ್ದನ್ನು ನಾನು ಎಲ್ಲೂ ನೋಡಿಲ್ಲ.

ಕಾವ್ಯ ಏನೇ ಅನ್ನಲಿ, ರಾಜ್ಯ ಆಳುವವರು ಅಡಗುವ ವಿದ್ಯೆಯನ್ನು ಚೆನ್ನಾಗಿಯೇ ಲೆಕ್ಕವಿಟ್ಟಿದ್ದರು. ಆ ಲೆಕ್ಕ ನಮಗೆ ಸಿಕ್ಕಿದ್ದೂ ಮೈಸೂರಿನಲ್ಲೇ. 1905ರಲ್ಲಿ ಅಲ್ಲಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಗರಿಯ ಕಟ್ಟೊಂದರಲ್ಲಿ ಆರ್. ಶಾಮಾಶಾಸ್ತ್ರಿಗಳು ಕೌಟಿಲ್ಯನ ‘ಅರ್ಥಶಾಸ್ತ್ರ’ವನ್ನು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ ಯುದ್ಧ ಮೂರು ಬಗೆ: ಕಾಲ, ಸ್ಥಳ ಹೇಳಿ ಮಾಡುವ ಪ್ರಕಾಶಯುದ್ಧ, ಮರೆಮೋಸದ ಕೂಟಯುದ್ಧ, ಗೂಢಚಾರರಿಂದ ಸದ್ದಿಲ್ಲದೆ ನಡೆಯುವ ತೂಷ್ಣೀಂಯುದ್ಧ. ಆಟದ ಭಾಷೆಯಲ್ಲಿ ಹೇಳುವುದಾದರೆ ಬಂದೂಕು, ಅಡಗುದಾಳಿ, ಹ್ಯಾಕಿಂಗ್. ಬಲ ಹೆಚ್ಚಿರುವವನು ಬಯಲಲ್ಲಿ ಕಾದಲಿ, ಇಲ್ಲದವನು ಕೂಟಕ್ಕೆ ಇಳಿಯಲಿ ಎಂಬುದು ಕೌಟಿಲ್ಯನ ನಿಲುವು. ಸ್ವಭಾವದ ಮಾತು ಅಲ್ಲಿಲ್ಲ.

ಬಲವೂ ಇದ್ದು ಕೂಟವೂ ಗೊತ್ತಿದ್ದವನು ಏನು ಮಾಡುತ್ತಾನೆ ಎಂಬುದಕ್ಕೆ ನಮ್ಮ ಸೀಮೆಯ ಹತ್ತಿರದ್ದೇ ಒಂದು ಉದಾಹರಣೆಯಿದೆ. 1763ರಲ್ಲಿ ಹೈದರಾಲಿ ಕೆಳದಿ ಅರಸರ ರಾಜಧಾನಿ ಬಿದನೂರಿನ ಮೇಲೆ ಬಿದ್ದ. ಶೃಂಗೇರಿ ಮಠಕ್ಕೆ ದತ್ತಿ ಬಿಟ್ಟ ಮನೆತನ ಅದು. ಆಳುತ್ತಿದ್ದವಳು ರಾಣಿ ವೀರಮ್ಮಾಜಿ. ಬಿದನೂರಿಗೆ ಗುಡ್ಡ, ಕಾಡು, ಕಟ್ಟೆಬಾಗಿಲುಗಳೇ ಕೋಟೆ. ಸೆರೆಯಲ್ಲಿದ್ದ ಲಿಂಗಣ್ಣ ಎಂಬ ಹಳೆಯ ಮಂತ್ರಿಯಿಂದ ಹೈದರನಿಗೆ ಕಾಡಿನೊಳಗಿನ ಕಳ್ಳದಾರಿಯೊಂದು ತಿಳಿಯಿತು ಎಂದು ಚರಿತ್ರೆಕಾರ ವಿಲ್ಕ್ಸ್ ಬರೆಯುತ್ತಾನೆ. ಮುಂದಿನ ಬಾಗಿಲುಗಳ ಹತ್ತಿರ ದೊಡ್ಡ ಗದ್ದಲದ ದಾಳಿ ನಡೆಯುತ್ತಿರುವಂತೆಯೇ ಹೈದರ್ ಆಯ್ದ ದಂಡಿನೊಡನೆ ಹಿಂದಿನ ದಾರಿಯಿಂದ ಊರೊಳಗಿದ್ದ. ರಾಣಿ ಅರಮನೆಗೆ ಬೆಂಕಿ ಇಡಲು ಹೇಳಿ ತೆಂಕಲಿಗೆ, ಬಲ್ಲಾಳರಾಯನದುರ್ಗದ ಕಡೆಗೆ ತಪ್ಪಿಸಿಕೊಂಡಳು. ಗದ್ದಲವೂ ಮೌನವೂ ಒಬ್ಬನ ಕೈಯಲ್ಲೇ ಇದ್ದರೆ ಹೀಗಾಗುತ್ತದೆ. ನೈಟ್ ಸಿಟಿಯಲ್ಲಿ ಎಲ್ಲ ಗುಣಕ್ಕೂ ಅಂಕ ಸುರಿದು ಕೊನೆಯ ಹಂತ ತಲುಪಿದವನ ಹಾಗೆ.

ಇನ್ನು ಬೇಟೆಗೆ ಬರುತ್ತೇನೆ. ಇಲ್ಲಿ ನನಗೆ ಸ್ವಲ್ಪ ಹೆಚ್ಚು ಗೊತ್ತು.

ಕೊಪ್ಪ, ನರಸಿಂಹರಾಜಪುರದ ಕಡೆ ಬೇಟೆಯಲ್ಲಿ ಎರಡು ಬಗೆ. ಒಂದು ಹಳು ನುಗ್ಗುವುದು. ಹತ್ತಾರು ಜನ, ನಾಯಿಗಳು, ಕೂಗು, ಬಡಿತ. ಕಾಡಿನ ಒಂದು ಮಗ್ಗುಲಿನಿಂದ ಪ್ರಾಣಿಯನ್ನು ಎಬ್ಬಿಸಿ ಸೋವಿಕೊಂಡು ಬರುತ್ತಾರೆ. ಇನ್ನೊಂದು ಮಗ್ಗುಲಿನ ಬಿಲ್ಲುಗಳಲ್ಲಿ, ಎಂದರೆ ಗೊತ್ತು ಮಾಡಿದ ಜಾಗಗಳಲ್ಲಿ, ಕೋವಿ ಹಿಡಿದವರು ಕಾದಿರುತ್ತಾರೆ. ಎರಡನೆಯದು ಮರಸು. ಹಣ್ಣು ಉದುರುವ ಮರದ ಮೇಲೋ, ನೀರಿನ ಹತ್ತಿರವೋ, ಗದ್ದೆಯಂಚಿನಲ್ಲೋ ಒಬ್ಬನೇ ಇರುಳಿಡೀ ಅಲುಗದೆ ಕೂರುವುದು. ಬೀಡಿ ಸೇದುವಂತಿಲ್ಲ, ಕೆಮ್ಮುವಂತಿಲ್ಲ. ಉಂಬಳ ಹತ್ತಿದರೂ ಕೀಳುವಂತಿಲ್ಲ. ಗಾಳಿ ನಿಮ್ಮಿಂದ ಪ್ರಾಣಿಯ ಕಡೆಗೆ ತಿರುಗಿದರೆ ಅವತ್ತಿನ ಮರಸು ಮುಗಿದಂತೆ. ನೈಟ್ ಸಿಟಿಯ ಕಾವಲುಗಾರರಿಗೆ ಕಣ್ಣು, ಕಿವಿ ಇವೆ, ಮೂಗಿಲ್ಲ. ಇದು ಆ ಆಟದ ದೊಡ್ಡ ಕೊರತೆ ಎಂದು ನಮ್ಮ ಅಜ್ಜಯ್ಯ ಖಂಡಿತ ಹೇಳುತ್ತಿದ್ದರು.

ಕುವೆಂಪು ಹುಟ್ಟಿದ್ದು 1904ರಲ್ಲಿ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ‘ಕಾನೂರು ಹೆಗ್ಗಡತಿ’, ‘ಮಲೆಗಳಲ್ಲಿ ಮದುಮಗಳು’ ಎರಡರಲ್ಲೂ ಬೇಟೆ ಇದೆ. ಆ ಬೇಟೆಗಳನ್ನು ಓದುವಾಗ ಯಾರ ಕೈಯಲ್ಲಿ ಕೋವಿ, ಯಾರ ಕೈಯಲ್ಲಿ ಕತ್ತಿ ದೊಣ್ಣೆ ಎಂದು ಗಮನಿಸಿ. ಹಳು ನುಗ್ಗಲು ಆಳುಗಳು ಬೇಕು. ಬಾ ಎಂದರೆ ಕೆಲಸ ಬಿಟ್ಟು ಬರುವ ಜನ ಇರುವುದು ಜಮೀನುದಾರನಿಗೆ. ಮುಳ್ಳು ಗೀರಿಸಿಕೊಂಡು ಪೊದೆಯೊಳಗೆ ನುಗ್ಗುವವನು ಒಬ್ಬ, ಬಿಲ್ಲಿನಲ್ಲಿ ಕಾದು ಹೊಡೆಯುವವನು ಇನ್ನೊಬ್ಬ. ಗಾಯಗೊಂಡ ಹಂದಿ ತಿರುಗಿ ಬಿದ್ದರೆ ಮೊದಲು ಸಿಗುವವನು ಯಾರೆಂದು ಹೇಳಬೇಕಾಗಿಲ್ಲ. ಮರಸಿಗೆ ಇದಾವುದೂ ಬೇಡ. ಒಂದು ಕೇಪಿನ ಕೋವಿ, ಒಂದು ಈಡಿನ ಮದ್ದು, ಒಂದು ರಾತ್ರಿಯ ನಿದ್ದೆ. ಗುರಿ ತಪ್ಪಿದರೆ ಮತ್ತೆ ಮದ್ದು ತುಂಬುವಷ್ಟರಲ್ಲಿ ಹಂದಿ ಪಕ್ಕದ ಊರಿನಲ್ಲಿರುತ್ತದೆ, ಹಾಗಾಗಿ ತಪ್ಪುವಂತಿಲ್ಲ. ಸಾಹುಕಾರರೂ ಮರಸು ಕೂತದ್ದುಂಟು, ಅವರಿಗೆ ಅದೊಂದು ಖುಷಿ. ಗೇಣಿ ಗದ್ದೆಯ ಭತ್ತವನ್ನು ಹಂದಿಯಿಂದ ಉಳಿಸಿಕೊಳ್ಳಬೇಕಾದವನಿಗೆ ಅದೊಂದೇ ದಾರಿ.

ಮೈಸೂರು ಸಂಸ್ಥಾನ 1901ರಲ್ಲಿ ಬೇಟೆ ಮತ್ತು ಮೀನು ಸಂರಕ್ಷಣೆಯ ಕಾಯಿದೆ ತಂದಿತು. 1972ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಹಳು ನುಗ್ಗುವ ಬೇಟೆಯ ಕಾಲ ಮುಗಿಯಿತು. ಅಷ್ಟು ಸದ್ದು ಮಾಡಿ ಕಾನೂನು ಮುರಿಯುವುದು ಹೇಗೆ? ಪ್ರಾಣಿಯಿಂದ ಅಡಗುತ್ತಿದ್ದ ಮರಸಿನವನು ಅಂದಿನಿಂದ ಗಾರ್ಡಿನಿಂದಲೂ ಅಡಗಬೇಕಾಯಿತು.

ದಾಖಲೆಗಳಿಗೂ ಸದ್ದೇ ಇಷ್ಟ. 1791ರಲ್ಲಿ ಮರಾಠರ ದಂಡಿನ ಸವಾರರು ಶೃಂಗೇರಿಯನ್ನು ಲೂಟಿ ಮಾಡಿದರು. ಗುರುಗಳು ಕಾರ್ಕಳಕ್ಕೆ ಹೋಗಿ ನೆಲೆಸಬೇಕಾಯಿತು. ಆ ಸಂದರ್ಭದಲ್ಲಿ ಟಿಪ್ಪು ಸುಲ್ತಾನ್ ಮಠಕ್ಕೆ ಬರೆದ ಕನ್ನಡ ಪತ್ರಗಳನ್ನು ಆರ್. ನರಸಿಂಹಾಚಾರ್ಯರು 1916ರಲ್ಲಿ ಬೆಳಕಿಗೆ ತಂದರು. ಸುಲಿದವರು ಯಾರು, ಪುನಃಪ್ರತಿಷ್ಠೆಗೆ ಹಣ ಕೊಟ್ಟವರು ಯಾರು ಎಂಬುದಕ್ಕೆ ಹೀಗೆ ಕಾಗದವಿದೆ. ಅವತ್ತು ಮಕ್ಕಳನ್ನು ಕಟ್ಟಿಕೊಂಡು ತುಂಗೆಯ ಆಚೆಯ ಕಾಡು ಸೇರಿದವರು ಯಾರಾದರೂ ಇದ್ದರೆ ಅವರಿಗೆ ಯಾವ ಕಾಗದವೂ ಇಲ್ಲ. ಚೆನ್ನಾಗಿ ಅಡಗಿದವನ ಚರಿತ್ರೆ ಬರೆಯುವುದು ಕಷ್ಟ. ನನ್ನ ಮಾರ್ಗದರ್ಶಕರು ನನ್ನ ಅಧ್ಯಾಯಗಳ ಅಂಚಿನಲ್ಲಿ ಹಾಕುವ ಪ್ರಶ್ನೆಚಿಹ್ನೆಗಳಲ್ಲಿ ಅರ್ಧ ಇದೇ ಕಾರಣದವು.

ಅಡಗುವ ಆಟಗಳಲ್ಲಿ ಒಂದು ಲೆಕ್ಕಾಚಾರ ನನ್ನನ್ನು ಬಹಳ ದಿನ ಕಾಡಿದೆ. ನೀವು ಸದ್ದು ಮಾಡಿದಿರಿ ಎನ್ನಿ. ಕಾವಲುಗಾರನಿಗೆ ಅನುಮಾನ ಬರುತ್ತದೆ, ಹುಡುಕುತ್ತಾನೆ. ನೀವು ಪೆಟ್ಟಿಗೆಯ ಹಿಂದೆ ಉಸಿರು ಬಿಗಿಹಿಡಿದು ಕೂತರೆ ಸ್ವಲ್ಪ ಹೊತ್ತಿಗೆ ಅನುಮಾನ ಇಳಿದು ಅವನು ತನ್ನ ಜಾಗಕ್ಕೆ ಮರಳುತ್ತಾನೆ. ಸೈಬರ್‌ಪಂಕ್‌ನಲ್ಲಿ ‘ಮೆಮೊರಿ ವೈಪ್’ ಎಂಬ ಹ್ಯಾಕ್ ಕೂಡ ಇದೆ. ನಿಮ್ಮನ್ನು ಕಂಡವನ ನೆನಪನ್ನೇ ಅಳಿಸುತ್ತದೆ.

ನಮ್ಮ ಮೂರು ತಾಲ್ಲೂಕುಗಳಲ್ಲಿ ಆ ಅನುಮಾನ ಇಳಿಯಲು ಇಪ್ಪತ್ತು ವರ್ಷ ಹಿಡಿಯಿತು. ಕುದುರೆಮುಖ ರಾಷ್ಟ್ರೀಯ ಉದ್ಯಾನದಿಂದ ಒಕ್ಕಲೆಬ್ಬಿಸುತ್ತಾರೆಂಬ ಭಯ ಕಾಡಂಚಿನ ಮನೆಗಳನ್ನು ಹಿಡಿದಿದ್ದ ಹೊತ್ತಿನಲ್ಲಿ ನಕ್ಸಲರ ಚಟುವಟಿಕೆ ಇಲ್ಲಿ ಬೇರೂರಿತು. 2003ರ ನವೆಂಬರಿನಲ್ಲಿ ಕಾರ್ಕಳದ ಈದು ಎಂಬಲ್ಲಿ ಗುಂಡಿನ ಚಕಮಕಿ. 2005ರ ಫೆಬ್ರವರಿ 6ರಂದು ಮೆಣಸಿನಹಾಡ್ಯದ ಬಳಿ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಸತ್ತರು. ‘ಸಾಕಿ’ ಎಂಬ ಹೆಸರಿನಲ್ಲಿ ಕರ್ನಾಟಕದ ಚರಿತ್ರೆಯನ್ನು ಎರಡು ಸಂಪುಟಗಳಲ್ಲಿ ಇಂಗ್ಲಿಷಿನಲ್ಲಿ ಬರೆದವರು ಅವರೇ. ಅವರ ರಾಜಕೀಯವನ್ನು ಒಪ್ಪದ ನಾನೂ ಆ ಪುಸ್ತಕಗಳನ್ನು ಓದದೆ ಮುಂದೆ ಹೋಗುವಂತಿಲ್ಲ. ಆಮೇಲೆ ವರ್ಷಗಟ್ಟಲೆ ಒಂದು ಕಡೆ ಕೂಂಬಿಂಗ್, ಇನ್ನೊಂದು ಕಡೆ ಕರಪತ್ರ. ಪೊಲೀಸರಿಗೆ ಸುಳಿವು ಕೊಟ್ಟರೆಂಬ ಶಂಕೆಯ ಮೇಲೆ ನಕ್ಸಲರು ಊರಿನವರನ್ನೇ ಕೊಂದದ್ದೂ ಇದೆ. ನಕ್ಸಲರಿಗೆ ಅನ್ನ ಹಾಕಿದರೆಂದು ಪೊಲೀಸ್ ಠಾಣೆಯ ಬೆಂಚಿನಲ್ಲಿ ಕೂತವರೂ ಇದ್ದಾರೆ.

ಕಾಡಿನಲ್ಲಿ ಅಡಗಿದವರಿಗೆ ಸಿದ್ಧಾಂತವಿತ್ತು, ಹುಡುಕಿದವರಿಗೆ ಆದೇಶವಿತ್ತು. ರಾತ್ರಿ ಹತ್ತಕ್ಕೆ ಬಾಗಿಲು ತಟ್ಟಿದ ಸದ್ದು ಕೇಳಿದವರಿಗೆ ಎರಡೂ ಇರಲಿಲ್ಲ. ಬಂದೂಕು ಹಿಡಿದವನು ಊಟ ಕೇಳಿದರೆ ಇಲ್ಲ ಎನ್ನುವುದು ಯಾವ ಧೈರ್ಯದ ಮೇಲೆ? ಬೆಳಿಗ್ಗೆ ಇನ್ನೊಂದು ಬಂದೂಕು ಬಂದು, ರಾತ್ರಿ ಯಾರು ಬಂದಿದ್ದರು ಎಂದು ಕೇಳಿದರೆ? ನೈಟ್ ಸಿಟಿಯ ಬೀದಿಯಲ್ಲಿ ಗುಂಡು ಹಾರಿದಾಗ ತಲೆ ತಗ್ಗಿಸಿ ಕೂರುವ ದಾರಿಹೋಕರಿದ್ದಾರಲ್ಲ, ಅವರಿಗೆ ಅಂಕ ಹಂಚಿಕೊಳ್ಳುವ ಪರದೆ ಇಲ್ಲ. ಇತ್ತೀಚೆಗೆ ನಾನು ಆಟ ಆಡುವಾಗ ಹೆಚ್ಚಾಗಿ ನೋಡುವುದು ಅವರನ್ನೇ. ಗದ್ದಲ ಮುಗಿದು ಮುಂದಿನ ತಿರುವಿಗೆ ಹೋಗಿ ಬರುವಷ್ಟರಲ್ಲಿ ಅವರು ಎದ್ದು ನಡೆಯತೊಡಗಿರುತ್ತಾರೆ, ಏನೂ ಆಗದಿದ್ದವರ ಹಾಗೆ.

2025ರ ಜನವರಿ 8ರಂದು ಶೃಂಗೇರಿ ಕಡೆಯ ಮುಂಡಗಾರು ಲತಾ ಸೇರಿದಂತೆ ಆರು ಜನ ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಎದುರು ಶರಣಾದರು. ಮುಂದಿನ ತಿಂಗಳ ಮೊದಲ ದಿನ ಕೋಟೆಹೊಂಡದ ರವೀಂದ್ರ ಚಿಕ್ಕಮಗಳೂರಿನಲ್ಲಿ ಶರಣಾದ. ಪೇಪರುಗಳಲ್ಲಿ ಹೂಗುಚ್ಛದ ಫೋಟೊ ಬಂತು. ಶರಣಾದ ಆರು ಜನರು ಬರುವಾಗ ಬಂದೂಕು ತಂದಿರಲಿಲ್ಲ. ಕೆಲವೇ ದಿನಗಳಲ್ಲಿ ಪೊಲೀಸರು ಅವನ್ನು ಕೊಪ್ಪ ತಾಲ್ಲೂಕಿನ ಕಾಡೊಂದರಿಂದ ಹೊರತೆಗೆದರು.

ಆ ವಾರ ನಾನು ಕ್ಷೇತ್ರಕಾರ್ಯಕ್ಕೆಂದು ಆ ಕಡೆಯ ಒಂದು ಮನೆಗೆ ಹೋಗಿದ್ದೆ. ಮರಸಿನ ಬಗ್ಗೆ ಕೇಳಿದೆ, ಎಂಬತ್ತು ದಾಟಿದ ಅಜ್ಜಯ್ಯ ಒಂದು ಗಂಟೆ ಹೇಳಿದರು: ಯಾವ ಮರ, ಯಾವ ತಿಂಗಳು, ಬೆಳದಿಂಗಳು ಯಾವ ಕಡೆಯಿಂದ ಬೀಳಬೇಕು. ಆಮೇಲೆ, 2005ರ ಹೊತ್ತಿನಲ್ಲಿ ಈ ಕಡೆ ಹೇಗಿತ್ತು ಎಂದು ಕೇಳಿದೆ.

“ನಮಗೆಂತ ಗೊತ್ತಾಗ್ತದೆ ಮಾರಾಯ. ನಾವು ಏಳು ಗಂಟೆಗೆ ಊಟ ಮಾಡಿ ದೀಪ ಆರ್ಸಿ ಮಲಗ್ತಿದ್ದೋ” ಎಂದರು. ಒಳಗಿನಿಂದ ಕಾಫಿ ಬಂತು. ಅವರು ಮತ್ತೆ ಹಂದಿಯ ವಿಷಯಕ್ಕೆ ಮರಳಿದರು.