ಮಸ್ಕಿಯ ಬಂಡೆ, ದೊಡ್ಡವ್ವನ ಹೆಬ್ಬೆಟ್ಟು

"ನನ್ನ ಬಟ್ಟು ನನ್ನ ಕೈಯಾಗ ಐತಲ್ಲಪ, ಅವರಿಗೆ ಹೆಂಗ ಸಿಕ್ತು?"

ದೊಡ್ಡವ್ವ ಹೀಗೆ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. 2023ರ ಮಾತು. ಪ್ರತಿ ತಿಂಗಳಿನ ಹಾಗೆ ಪಗಾರ ತೆಗೆಯೋಕೆ (ವೃದ್ಧಾಪ್ಯ ವೇತನಕ್ಕೆ ನಮ್ಮ ಕಡೆ ಪಗಾರ ಅಂತಲೇ ಅನ್ನೋದು) ಮಸ್ಕಿಯ ಒಂದು ಅಂಗಡಿಗೆ ಹೋಗಿ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿದ್ದಾಳೆ. ಖಾತೆ ಖಾಲಿ! ತಿಂಗಳ ಹಿಂದೆಯೇ ಯಾರೋ ಎಲ್ಲೋ ಕೂತು ಹತ್ತು ಸಾವಿರ ತೆಗೆದಿದ್ದಾರೆ, ಅದೂ ಅವಳದೇ ಬೆರಳಚ್ಚಿನಿಂದ. ಮೂರು ಕೆಲಸದ ದಿನಗಳ ಒಳಗೆ ತಿಳಿಸಿದರೆ ಇಂಥ ನಷ್ಟಕ್ಕೆ ಗ್ರಾಹಕರು ಹೊಣೆ ಅಲ್ಲ ಅಂತ ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ. ಆದರೆ ಓದಲು ಬಾರದ ದೊಡ್ಡವ್ವನಿಗೆ ಬಂದ ಮೆಸೇಜನ್ನು ಮೂರು ದಿನದಲ್ಲಿ ಓದಿ ಹೇಳೋರು ಯಾರು? ನಾನಂತೂ ಊರಲ್ಲಿ ಇರಲಿಲ್ಲ.

ಅವತ್ತು ಸಂಜೆ ತಲೆ ಕೆಟ್ಟು ಗುಡ್ಡದ ಕಡೆ ನಡೆದೆ. ಅಲ್ಲಿ ಅಶೋಕನ ಬಂಡೆ ಇದೆ, ನಿಮಗೆಲ್ಲ ಗೊತ್ತಿರುತ್ತೆ. ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡ್ತೀನಿ, ಯಾಕಂದ್ರೆ ದೊಡ್ಡವ್ವನ ಪ್ರಶ್ನೆಗೆ ಉತ್ತರ ನನಗೆ ಹೊಳೆದದ್ದು ಅಲ್ಲೇ.

ಬ್ರಾಹ್ಮಿ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ ಓದಿದ್ದು 1837ರಲ್ಲಿ. ಓದೋಕೇನೋ ಬಂತು, ಬರೆಸಿದವನು ಯಾರು? ಶಾಸನಗಳಲ್ಲಿ ಇದ್ದದ್ದು 'ದೇವಾನಂಪಿಯ ಪಿಯದಸಿ' ಅಂತ ಮಾತ್ರ. ದೇವರಿಗೆ ಪ್ರಿಯನಾದ ಪ್ರಿಯದರ್ಶಿ. ಪ್ರಿನ್ಸೆಪ್ ಮೊದಲು ಇವನು ಸಿಂಹಳದ ರಾಜ ಇರಬೇಕು ಅಂದುಕೊಂಡಿದ್ದ. ಅದೇ ವರ್ಷ ಸಿಂಹಳದಲ್ಲಿದ್ದ ಜಾರ್ಜ್ ಟರ್ನರ್ ಅಲ್ಲಿನ ದೀಪವಂಸ ಗ್ರಂಥ ನೋಡಿ, ಪಿಯದಸಿ ಅಂದರೆ ಅಶೋಕನೇ ಅಂತ ತೋರಿಸಿದ. ಆದರೆ ಅದು ಪುಸ್ತಕದ ಸಾಕ್ಷಿ. ಕಲ್ಲಿನ ಸಾಕ್ಷಿ ಸಿಕ್ಕಿದ್ದು 1915ರಲ್ಲಿ, ನಮ್ಮ ಮಸ್ಕಿಯಲ್ಲಿ. ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಕಂಡ ಈ ಬಂಡೆಯ ಮೇಲೆ 'ದೇವಾನಂಪಿಯಸ ಅಸೋಕಸ' ಅಂತ ಬಿರುದೂ ಹೆಸರೂ ಒಟ್ಟಿಗೇ ಇತ್ತು. ಹೆಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಪ್ರಕಟಿಸಿದರು. (ಆಮೇಲೆ ಮಧ್ಯಪ್ರದೇಶದ ಗುಜರ್ರಾ, ನಮ್ಮ ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳಗಳಲ್ಲೂ ಹೆಸರು ಸಿಕ್ಕಿದೆ. ಆದರೂ ಮೊದಲು ಸಿಕ್ಕಿದ್ದು ನಮ್ಮೂರಲ್ಲೇ ಅನ್ನೋ ಜಂಬ ನಾವು ಬಿಡೋದಿಲ್ಲ :) )

ಇದಕ್ಕೂ ಹೆಬ್ಬೆಟ್ಟಿಗೂ ಏನು ಸಂಬಂಧ ಅಂತೀರಾ? ಪಿಯದಸಿ ಅನ್ನೋ ಪದವನ್ನು ಎಷ್ಟು ತಿರುಚಿದರೂ, ಹಿಂದುಮುಂದು ಮಾಡಿದರೂ ಅದರೊಳಗಿಂದ ಅಶೋಕ ಹೊರಗೆ ಬರೋದಿಲ್ಲ. ಎರಡನ್ನೂ ಪಕ್ಕಪಕ್ಕ ಬರೆದಿಟ್ಟ ಒಂದು ಜಾಗ ಸಿಗಬೇಕು, ಆಗ ಮಾತ್ರ ಗುಟ್ಟು ಬಯಲು. ಹಣದ ವ್ಯವಹಾರದಲ್ಲಿ ಟೋಕನ್ ಅನ್ನೋದು ಇದೇ. ಹಿಂದೆ ಬ್ಯಾಂಕಿನಲ್ಲಿ ಚೆಕ್ ಕೊಟ್ಟರೆ ಹಿತ್ತಾಳೆ ಬಿಲ್ಲೆ ಕೊಡ್ತಿದ್ರಲ್ಲ, ಬಿಲ್ಲೆಯ ಮೇಲಿನ ನಂಬರಿಗೂ ನಿಮ್ಮ ಖಾತೆಗೂ ನಂಟು ಇರೋದು ಗುಮಾಸ್ತರ ಪುಸ್ತಕದಲ್ಲಿ ಮಾತ್ರ. ಬಿಲ್ಲೆ ಕದ್ದವನಿಗೆ ಖಾತೆ ನಂಬರ್ ಸಿಗೋದಿಲ್ಲ.

ಆಧಾರ್‌ನಲ್ಲೂ ಇದು ಬಂದಿದೆ. ಆಧಾರ್ ಸಂಖ್ಯೆ ಇಟ್ಟುಕೊಳ್ಳುವ ಸಂಸ್ಥೆಗಳು ಅದನ್ನು ಬೇರೆಯೇ ಒಂದು ಭದ್ರ ಕೋಶದಲ್ಲಿಟ್ಟು, ಉಳಿದ ಕಡೆಯೆಲ್ಲ ಬದಲಿ ಸಂಕೇತ ಬಳಸಬೇಕು ಅಂತ 2017ರ ಜುಲೈನಲ್ಲಿ ಪ್ರಾಧಿಕಾರ ಸುತ್ತೋಲೆ ಹೊರಡಿಸಿತು. 2018ರ ಜನವರಿಯಲ್ಲಿ 16 ಅಂಕಿಗಳ ವರ್ಚುವಲ್ ಐಡಿ ಬಂತು. ಬೇಡ ಅನಿಸಿದರೆ ಬದಲಾಯಿಸಬಹುದು. ಅದರ ಜೊತೆಗೇ 72 ಅಕ್ಷರಗಳ ಯುಐಡಿ ಟೋಕನ್ನೂ ಬಂತು. ಒಬ್ಬರಿಗೇ ಒಂದು ಸಂಸ್ಥೆಯಲ್ಲಿ ಒಂದು ಟೋಕನ್, ಇನ್ನೊಂದರಲ್ಲಿ ಇನ್ನೊಂದು. ಹಾಗಾಗಿ ಎರಡು ಸಂಸ್ಥೆಗಳ ಕಡತ ಕದ್ದರೂ ಇಬ್ಬರೂ ಒಬ್ಬರೇ ಅಂತ ಹೊಂದಿಸಲು ಬರೋದಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಆಧಾರ್ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿ ನಡೀತಿದ್ದ ಕಾಲ ಅದು. ಕಾರ್ಡುಗಳಿಗೂ 2022ರ ಅಕ್ಟೋಬರ್ 1ರಿಂದ ಇದೇ ನಿಯಮ, ಅಂಗಡಿಯವರು ಕಾರ್ಡ್ ನಂಬರ್ ಇಟ್ಟುಕೊಳ್ಳುವಂತಿಲ್ಲ, ಟೋಕನ್ ಮಾತ್ರ.

ಸರಿ, ಸಂಖ್ಯೆಗೆ ಬದಲಿ ಕೊಡಬಹುದು. ಬೆರಳಿಗೆ?

ಇಲ್ಲಿ ಇನ್ನೂ ಸ್ವಲ್ಪ ಹಿಂದಕ್ಕೆ ಹೋಗಬೇಕು. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಅನ್ನೋ ಅಧಿಕಾರಿ, ರಸ್ತೆಗೆ ಸಾಮಾನು ಪೂರೈಸುವ ರಾಜ್ಯಧರ ಕೋನಾಯಿ ಎಂಬ ಗುತ್ತಿಗೆದಾರನಿಂದ ಕರಾರು ಪತ್ರದ ಮೇಲೆ ಅಂಗೈ ಅಚ್ಚು ಒತ್ತಿಸಿಕೊಂಡ. ಮುಂದೆ ಹೂಗ್ಲಿಯಲ್ಲಿ 1877ರ ಹೊತ್ತಿಗೆ ಬೆರಳಚ್ಚನ್ನು ಎರಡು ಕೆಲಸಕ್ಕೆ ತಂದ: ಸತ್ತವರ ಹೆಸರಲ್ಲಿ ಬೇರೆಯವರು ಪಿಂಚಣಿ ಎತ್ತದ ಹಾಗೆ ಮಾಡೋಕೆ, ಮತ್ತೆ ಆಸ್ತಿ ಪತ್ರಗಳ ನೋಂದಣಿಗೆ. ಪಿಂಚಣಿ ಮತ್ತು ನೋಂದಣಿ! ಇದನ್ನು ಓದಿದಾಗ ನನಗೆ ಮೈ ಜುಂ ಅಂತು. ಯಾಕಂದ್ರೆ 2023ರಲ್ಲಿ ಬೆಂಗಳೂರು, ಮಂಗಳೂರು ಪೊಲೀಸರಿಗೆ ಬಂದ ದೂರುಗಳಲ್ಲಿ ಇವೇ ಎರಡು ತುದಿಗಳು ಕೂಡಿಕೊಂಡಿದ್ದವು. ಸೈಟು ನೋಂದಣಿ ಮಾಡಿಸಿದವರ ಪತ್ರದ ಪ್ರತಿಗಳಿಂದ ಬೆರಳಚ್ಚು ತೆಗೆದು, ನಕಲಿ ಬೆರಳು ಮಾಡಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ, ಅಂದರೆ ಹಳ್ಳಿ ಪಿಂಚಣಿದಾರರಿಗೆ ಅನುಕೂಲವಾಗಲಿ ಅಂತ ಮಾಡಿದ ವ್ಯವಸ್ಥೆಯಲ್ಲೇ, ಹಣ ಎತ್ತಿದ್ದರು.

ಆ ಪತ್ರಗಳಲ್ಲಿ ಆಧಾರ್ ಸಂಖ್ಯೆಯೂ ಹೆಬ್ಬೆಟ್ಟೂ ಒಟ್ಟಿಗೇ ಸಿಗುತ್ತಿದ್ದವು. ಮಸ್ಕಿಯ ಬಂಡೆಯ ಹಾಗೆ. ಬ್ಯಾಂಕು ಎಷ್ಟೇ ಭದ್ರ ಕೋಶ ಕಟ್ಟಿ ಟೋಕನ್ ಇಟ್ಟರೂ, ಬೇರೆ ಇಲಾಖೆಯ ಕಾಗದದಲ್ಲಿ ಜೋಡಿ ಬಯಲಿಗೆ ಬಿದ್ದಿದ್ದರೆ ಏನು ಉಪಯೋಗ? ಅಶೋಕನಿಗೆ ಅದರಿಂದ ನಷ್ಟವೇನೂ ಆಗಲಿಲ್ಲ ಬಿಡಿ, ಕೀರ್ತಿಯೇ ಬಂತು.

ಅಂಗಡಿಯ ಯಂತ್ರ ಬೆರಳಚ್ಚನ್ನು ಇಟ್ಟುಕೊಳ್ಳೋದಿಲ್ಲ. ಅಲ್ಲೇ ಗೂಢಲಿಪಿಗೆ ಹಾಕಿ ಕಳಿಸುತ್ತೆ, ಆ ಕಡೆಯಿಂದ ಹೌದು ಅಥವಾ ಇಲ್ಲ ಅಂತ ಉತ್ತರ ಬರುತ್ತೆ, ಅಷ್ಟೆ. ದಾರಿ ಭದ್ರವಾಗೇ ಇದೆ. ಆದರೆ ಯಂತ್ರದ ಮೇಲೆ ಇಟ್ಟದ್ದು ಜೀವ ಇರುವ ಬೆರಳೋ, ರಬ್ಬರಿನದೋ? 2023ರ ಫೆಬ್ರವರಿಯಲ್ಲಿ ಇದನ್ನು ಗುರುತಿಸೋ ಹೊಸ ಪರೀಕ್ಷೆಯನ್ನು ಪ್ರಾಧಿಕಾರ ತಂದಿತು. ಮೊಬೈಲಿನಲ್ಲಿ ಬೆರಳಿಟ್ಟು ದುಡ್ಡು ಕಳಿಸೋದು ಇದಕ್ಕಿಂತ ವಾಸಿ ಅಂತ ನನ್ನ ಅನಿಸಿಕೆ. ಅಲ್ಲಿ ಬೆರಳಿನ ಗುರುತು ಮೊಬೈಲ್ ಬಿಟ್ಟು ಹೊರಗೆ ಹೋಗೋದೇ ಇಲ್ಲ, ಕದಿಯುವವನಿಗೆ ಬೆರಳೂ ಬೇಕು, ಆ ಮೊಬೈಲೂ ಬೇಕು. ಆದರೆ ದೊಡ್ಡವ್ವನ ಹತ್ತಿರ ಅಂಥ ಮೊಬೈಲ್ ಇದ್ದಿದ್ದರೆ ಅವಳು ಅಂಗಡಿಗೆ ಯಾಕೆ ಹೋಗ್ತಿದ್ದಳು?

ಅವಳ ಬೆರಳಚ್ಚು ಎಲ್ಲಿಂದ ಸೋರಿತು ಅಂತ ಯಾರೂ ಹೇಳಲಿಲ್ಲ. ಎರಡು ವರ್ಷದ ಹಿಂದೆ ಹೊಲದ ಭಾಗಪತ್ರಕ್ಕೆ ಹೆಬ್ಬೆಟ್ಟು ಒತ್ತಿದ್ದಳು ಅನ್ನೋದಷ್ಟೇ ನನಗೆ ಗೊತ್ತು. ದುಡ್ಡೂ ವಾಪಸ್ ಬರಲಿಲ್ಲ.

ಈಗ ಅವಳ ಆಧಾರ್‌ನ ಬೆರಳಚ್ಚಿಗೆ ಬೀಗ ಹಾಕಿಟ್ಟಿದ್ದೀನಿ. ಆಧಾರ್‌ಗೆ ಜೋಡಿಸಿರೋ ಮೊಬೈಲ್ ನಂಬರ್ ನನ್ನದು, ಹಾಗಾಗಿ ತೆಗೆಯೋದೂ ನಾನೇ. ತಾತ್ಕಾಲಿಕವಾಗಿ ತೆಗೆದರೆ ಹತ್ತು ನಿಮಿಷಕ್ಕೆ ತಾನಾಗೇ ಮತ್ತೆ ಬೀಳುತ್ತೆ. ತಿಂಗಳಿಗೊಮ್ಮೆ ಅಂಗಡಿಯ ಪಾಳಿಯಲ್ಲಿ ನಿಂತು, ಅಂಗಡಿಯವನ ಕೈಲಿ ನನಗೆ ಫೋನ್ ಹಚ್ಚಿಸಿ ಕೂಗ್ತಾಳೆ: "ಏ ತಮ್ಮಾ, ಬಟ್ಟಿನ ಕೀಲಿ ತೆಗಿಯಪ, ನನ್ನ ಮುಂದ ಇನ್ನಿಬ್ಬರೇ ಅದಾರ!"